ಮೀಟರ್ ಸುಳ್ಳು ಹೇಳಲ್ಲ

ಸಂಡೂರು ಕಡೆಯ ಒಂದು ಗಣಿಯಲ್ಲಿ ಆಟೋಮ್ಯಾಟಿಕ್ ಟಿಪ್ಪರಿನ ಗೇರ್‌ಬಾಕ್ಸ್ ಕೈಕೊಟ್ಟಿತು. ಮ್ಯಾನೇಜರ್ ಚಕ್ರಪಾಣಿ ಬೇರೆ ಮಾಡೆಲ್ಲಿನ ಹಳೇ ಗೇರ್‌ಬಾಕ್ಸ್ ತರಿಸಿ ಕೂರಿಸಿದರು.

"ಇದರ ಸ್ಪೀಡ್ ಸೆನ್ಸರ್ ನಮ್ಮ ಮೀಟರಿಗೆ ಹೊಂದಂಗಿಲ್ಲ ಸಾರ್. ಬೇರೆ ತರಿಸ್ರಿ" ಅಂದ ಮೆಕ್ಯಾನಿಕ್ ಹುಸೇನಪ್ಪ.

"ಪ್ಲಗ್ ಕೂತಿತಲ್ಲ? ಬಾಯಿ ಮುಚ್ಚು. ಮೀಟರ್ ಸುಳ್ಳು ಹೇಳಲ್ಲ, ಹೇಳೋರು ನೀವು."

ಮೀಟರು ವೇಗವನ್ನು ಒಂದಕ್ಕೆ ಎರಡು ತೋರಿಸತೊಡಗಿತು. ಗಣಿಯೊಳಗೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿದವರು ತಪ್ಪೊಪ್ಪಿಗೆ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಬೇಕು ಅನ್ನುವುದು ಚಕ್ರಪಾಣಿಯವರದೇ ಕಾನೂನು. ಎತ್ತಿನಗಾಡಿಯಂತೆ ಓಡಿಸುವ ಡ್ರೈವರ್ ಗಾದಿಲಿಂಗ ಒಂದೇ ವಾರದಲ್ಲಿ ಐದು ಕಾಗದ ಅಂಟಿಸಿದ. ಆರನೆಯದಕ್ಕೆ ಕೆಲಸವೇ ಹೋಗುತ್ತಿತ್ತು.

ಹುಸೇನಪ್ಪ ಕೈಮುಗಿದ. "ಈ ಡ್ರೈವರ್‌ಗಳಿಗೆ ನಿಧಾನ ಅಂದ್ರೇನಂತ ಗೊತ್ತಿಲ್ಲ ಸಾರ್. ಎಲ್ಲರ ಮುಂದೆ ತಾವೇ ಒಂದು ಸುತ್ತು ಹೊಡೆದು ಕಲಿಸಿಬಿಡ್ರಿ."

ಚಕ್ರಪಾಣಿ ಉಬ್ಬಿಹೋದರು. ಕೂಲಿಂಗ್ ಗ್ಲಾಸ್ ಏರಿಸಿ ಸ್ಟೇರಿಂಗ್ ಹಿಡಿದರು. ಸೈಕಲ್ಲಿನಲ್ಲಿ ಟೀ ಕ್ಯಾನ್ ತರುವ ಹನುಮಂತು ಬೆಲ್ ಹೊಡೆದು ಟಿಪ್ಪರನ್ನು ದಾಟಿಕೊಂಡೇ ಹೋದ. ಪಕ್ಕದಲ್ಲಿ ಕೂತ ಹುಸೇನಪ್ಪ ಮೀಟರಿಗೆ ಬೆರಳು ತೋರಿಸಿದ.

"ಇಪ್ಪತ್ನಾಕು ಸಾರ್."

ಚಕ್ರಪಾಣಿ ಗಕ್ಕನೆ ಬ್ರೇಕ್ ಒತ್ತಿದರು. "ಈ ಮೀಟರ್ ಸುಳ್ಳು ಹೇಳ್ತಿದೆ!"

ಹುಸೇನಪ್ಪ ಜೇಬಿನಿಂದ ಎರಡು ಕಾಗದ ತೆಗೆದ. "ಮೀಟರ್ ಸುಳ್ಳು ಹೇಳಲ್ಲ ಅಂದ್ರೆ ಇದಕ್ಕೆ ಸಹಿ ಹಾಕ್ರಿ, ಇದು ತಪ್ಪೊಪ್ಪಿಗೆ. ಹೇಳ್ತೈತಿ ಅಂದ್ರೆ ಇದಕ್ಕೆ. ಇದು ಹೊಸ ಸೆನ್ಸರ್ ತರಿಸೋ ಚೀಟಿ."

ಗಾದಿಲಿಂಗನ ಐದೂ ಕಾಗದ ಅವತ್ತೇ ಬೋರ್ಡಿನಿಂದ ಇಳಿದವು. ಇನ್ನು ಆ ಚೀಟಿಯ ಮೇಲೆ ಸಹಿ ಬಿದ್ದ ಸ್ಪೀಡು, ಅದು ಯಾವ ಸೆನ್ಸರಿಗೂ ಸಿಗುವಂಥದ್ದಲ್ಲ.