ಹೊನ್ನವ್ವನ ಒಲೆ

ಹೊಳೆಯ ದಂಡೆಯ ಆಶ್ರಮದಲ್ಲಿ ಚನ್ನವೀರ ಎಂಬ ಶಿಷ್ಯನಿದ್ದ. ಅವನ ತಾಯಿ ಅಡುಗೆಮನೆಯ ಹೊಗೆ ಕುಡಿದು ಕುಡಿದು, ಕೆಮ್ಮಿ ಕೆಮ್ಮಿಯೇ ತೀರಿಕೊಂಡಿದ್ದಳು.

ಅವನು ಹೊಸ ಬಗೆಯ ಮಣ್ಣಿನ ಒಲೆಯೊಂದನ್ನು ಯೋಚಿಸಿದ್ದ. ಹಿಂದುಗಡೆ ಒಂದು ಕೊಳವೆ, ಹೊಗೆಯೆಲ್ಲ ಗೋಡೆಯಾಚೆಗೆ. ಮಳೆಗಾಲ ಬಂದು ಹೆಂಗಸರು ಬಾಗಿಲು ಮುಚ್ಚಿಕೊಂಡು ಅಡುಗೆ ಮಾಡುವ ಮೊದಲೇ ಅದು ಊರಿನ ಎಲ್ಲ ಮನೆಗೂ ಸೇರಬೇಕೆಂಬುದು ಅವನ ಹಟ.

ಹಟ ಹೊತ್ತುಕೊಂಡು ಊರಿಗೆ ಹೋದ. ಮುಖ ಜೋಲು ಹಾಕಿಕೊಂಡು ಬಂದ.

"ಏನಾತೋ ತಮ್ಮಾ?" ಗುರುಗಳು ಕೇಳಿದರು.

"ಒಬ್ರೂ ಕೇಳವಲ್ರು ಅಜ್ಜಾರ. ಬೈದು ಕಳಿಸಿದ್ರು."

"ನೀ ಏನಂದಿ?"

"ಹಳೇ ಒಲಿ ಒಡೀರಿ ಅಂದೆ."

"ಇವತ್ತು ಯಾವ ವಾರ?"

ಚನ್ನವೀರ ನಾಲಿಗೆ ಕಚ್ಚಿಕೊಂಡ. ಶುಕ್ರವಾರ. ಹೆಂಗಸರು ಒಲೆ ಸಾರಿಸಿ, ಕುಂಕುಮ ಹಚ್ಚಿ ಕೈಮುಗಿಯುವ ಹೊತ್ತಿಗೇ ಇವನು ಹೋಗಿ ಅದನ್ನು ಒಡೆಯಿರಿ ಎಂದಿದ್ದ. ಪೊರಕೆ ಏಟು ಬೀಳದೆ ಬಂದದ್ದೇ ಪುಣ್ಯ.

"ನಾಳೆ ಮತ್ತ ಹೋಗ್ತೀನ್ರಿ. ಇನ್ನೂ ಚೊಲೋತ್ನಂಗ ತಿಳಿಸಿ ಹೇಳ್ತೀನಿ."

"ಹೋಗು. ಆದ್ರ ಹುಣ್ಣಿಮಿ ತನಕ ನಿನಗ ಮೌನ."

"ಮಾತಿಲ್ಲದ ಹೆಂಗ ತಿಳಸ್ಲಿ ಅಜ್ಜಾರ?"

ಗುರುಗಳು ತುಟಿಯ ಮೇಲೆ ಬೆರಳಿಟ್ಟರು. ಮೌನ ಆಗಲೇ ಶುರುವಾಗಿತ್ತು.

ಮರುದಿನ ಅವನು ಊರಂಚಿನ ಹೊನ್ನವ್ವನ ಹಿತ್ತಲಿಗೆ ಹೋಗಿ, ತನಗೆ ಮೌನವೆಂದು ತುಟಿಯ ಮೇಲೆ ಬೆರಳಿಟ್ಟು ಕೈಸನ್ನೆ ಮಾಡಿದ. ಮೌನದಲ್ಲಿರುವ ಸಾಧುವನ್ನು ಬೈಯುವುದು ಹೇಗೆ? ಮುದುಕಿ ದಾರಿ ಬಿಟ್ಟಳು. ಅವಳ ಹಳೆಯ ಒಲೆಯ ತಂಟೆಗೆ ಹೋಗದೆ, ಹಿತ್ತಲಿನ ಗೋಡೆಗೆ ತಾಗಿಸಿ, ಕೊಳವೆಯನ್ನು ಆಚೆಗೆ ಬಿಟ್ಟು ಹೊಸದೊಂದು ಹಾಕಿದ.

"ಹಿಂದ ಇದ್ಯಾಕ ತೂತು?"

ಅವನು ಮಣ್ಣು ಮೆತ್ತುತ್ತಲೇ ಇದ್ದ. ಒಲೆ ಒಣಗಿದ ಮೇಲೆ ಹೊನ್ನವ್ವ ತಾನೇ ಒಂದು ಹಿಡಿ ಹುಲ್ಲು ಹೊತ್ತಿಸಿ ನೋಡಿದಳು. ಹೊಗೆ ಮುಖಕ್ಕೆ ಬರಲಿಲ್ಲ.

"ಅಯ್ಯ ಶಿವನ!" ಎಂದು ಓಣಿಯವರನ್ನೆಲ್ಲ ಕೂಗಿದಳು.

ಕೇಳಿದವರಿಗೆಲ್ಲ ಹೊನ್ನವ್ವನೇ ವಿವರಿಸಿದಳು. ಅದರಲ್ಲಿ ಅರ್ಧ ತಪ್ಪು. ಚನ್ನವೀರನಿಗೆ ಮೈ ಉರಿಯಿತು.

"ಇದರ ಮ್ಯಾಲ ರೊಟ್ಟಿ ಹಂಚು ಕೂಡಂಗಿಲ್ಲ ಬಿಡ" ಎಂದಳು ನೆರೆಮನೆಯ ಗಂಗವ್ವ.

ಹೊನ್ನವ್ವ ಕುಡಗೋಲು ತಂದು ಒಲೆಯ ಬಾಯಿ ಕೆತ್ತತೊಡಗಿದಳು. ಅವನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಹಿಡಿದ ಅಳತೆ! ಕೂಗಲು ಹೋದವನು ಕೈಯಿಂದ ಬಾಯಿ ಮುಚ್ಚಿಕೊಂಡ.

ಹಂಚು ಕೂತಿತು. ರೊಟ್ಟಿ ಉಬ್ಬಿತು. ಹೊಗೆ ಗೋಡೆಯಾಚೆಗೇ ಹೋಯಿತು. ಅದನ್ನು ನೋಡಿ ಊರಿನ ಹೆಂಗಸರು ತಮ್ಮ ತಮ್ಮ ಮನೆಯಲ್ಲೂ ಹಾಗೆಯೇ ಹಾಕಿಕೊಳ್ಳತೊಡಗಿದರು.

ಹುಣ್ಣಿಮೆಯ ಬೆಳಿಗ್ಗೆ ಗುರುಗಳು "ಮಾತಾಡು" ಎಂದರು.

"ಮನಿಮನಿಗೂ ಒಲಿ ಆಗ್ಯಾವ್ರಿ ಅಜ್ಜಾರ. ಈ ಮಳೆಗಾಲ ಊರಾಗ ಯಾರೂ ಹೊಗಿ ಕುಡಿಯಂಗಿಲ್ಲ." ಹೇಳುವಾಗ ಅವನ ಕಣ್ಣು ತುಂಬಿತು. ಆಮೇಲೆ ಮುಖ ಸಣ್ಣದಾಯಿತು. "ಆದ್ರ ಒಂದೂ ನನ್ನ ಅಳತೀದಲ್ರಿ. ಎಲ್ಲಾರೂ ಹೊನ್ನವ್ವನ ಒಲಿ ಅಂತಾರ."

ಅಷ್ಟರಲ್ಲಿ ಹೊಳೆಯ ಮೊಣಕಾಲುದ್ದದ ನೀರು ದಾಟಿ ಹೆಂಗಸೊಬ್ಬಳು ಬಂದಳು. ಆಚೆ ದಡದ ಊರಿನವಳು, ಇಬ್ಬರಿಗೂ ಗುರುತಿಲ್ಲ. ಗುರುಗಳಿಗೆ ಅಡ್ಡಬಿದ್ದು ಎದ್ದವಳು ಆಶ್ರಮದ ಅಡುಗೆಮನೆಯ ಕಡೆ ನೋಡಿ ಮೂಗು ಮುರಿದಳು. ಬಾಗಿಲಿನಿಂದ ದಟ್ಟ ಹೊಗೆ ಬರುತ್ತಿತ್ತು.

"ಇದೇನ್ರಿ ಸ್ವಾಮಿ, ಇನ್ನೂ ಹೊಗ್ಯಾಗ ಅಡಿಗಿ ಮಾಡ್ತೀರಿ? ಹೊನ್ನವ್ವನ ಒಲಿ ಗೊತ್ತಿಲ್ಲೇನ್ರಿ ನಿಮಗ?" ಎಂದು ಚನ್ನವೀರನ ಕಡೆ ತಿರುಗಿದಳು. "ನಾ ಹಾಕಿಕೊಡ್ತೀನಿ, ನೋಡಿ ಕಲೀರಿ. ಮೊದಲು ಹಿಂದ ಒಂದು ಕೊಳವಿ ಇಡಬೇಕು..."

"ಅವ್ವಾ, ಅದನ್ನ ನಾನ..." ಚನ್ನವೀರ ಬಾಯಿ ತೆರೆದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಆಕಿ ಹೇಳೂದು ಮುಗೀಲಿ ತಮ್ಮಾ. ನೀ ಹೋಗಿ ಮಣ್ಣು ಕಲಸು."