ಬಂದವರ ಕಪ್ಪು-ಬಸಿ

ಮಲಪ್ರಭೆಯ ದಂಡೆಯ ಮಠದಲ್ಲಿ ಚಿತ್ರ ಬರೆಯುವುದನ್ನು ಕಲಿಸುವ ಅಜ್ಜ ಒಬ್ಬರಿದ್ದರು. ಶಾಂತಯ್ಯ ಅಂತ ಹೆಸರು. ಕಲ್ಮೇಶ ಅವರ ಹಳೆಯ ಶಿಷ್ಯ. ಅಡಿವೆಪ್ಪ ಈಚೆಗೆ ಬಂದವನು.

ಚಹಾದ ಹೊತ್ತಿಗೆ ಕಲ್ಮೇಶನಿಗೆ ಅಂಚು ಚಕ್ಕೆ ಎದ್ದ ಗ್ಲಾಸು. ಅಜ್ಜನಿಗೂ ಅಂಥದ್ದೇ. ಅಡಿವೆಪ್ಪನಿಗೆ ಮಾತ್ರ ಕಪಾಟಿನಿಂದ ಹೂಬಳ್ಳಿಯ ಪಿಂಗಾಣಿ ಕಪ್ಪು-ಬಸಿ ಇಳಿಯುತ್ತಿತ್ತು.

‘ಅವನಲ್ಲಿ ಏನು ಕಂಡರು?’ ಕಲ್ಮೇಶನ ತಲೆಯಲ್ಲಿ ಹುಳ ಹೊಕ್ಕಿತು. ಅಡಿವೆಪ್ಪ ನನ್ನ ಮೇಲೆ ಚಾಡಿ ಹೇಳಿರಬೇಕು ಅಂದುಕೊಂಡ. ಅವರಿಬ್ಬರೂ ಮಾತಾಡುವಾಗ ಬಾಗಿಲ ಮರೆಯಲ್ಲಿ ನಿಂತು ಕೇಳಿದ. ಎಮ್ಮೆ ಮೇವು ಬಿಟ್ಟಿರುವ ಸುದ್ದಿ ನಡೆದಿತ್ತು. ‘ನನ್ನ ಸಪ್ಪಳ ಕೇಳಿ ಮಾತು ತಿರುಗಿಸಿದರು’ ಅಂದುಕೊಂಡ.

ಒಂದು ದಿನ ಅಜ್ಜ ಮಣೆಯ ಮೇಲೆ ಕಿಟ್ಲಿ, ಗ್ಲಾಸು, ಕಪ್ಪು-ಬಸಿ ಜೋಡಿಸಿಟ್ಟರು.

“ಇವನ್ನ ಬರಿ, ತಮ್ಮಾ.”

ಕಲ್ಮೇಶ ಸಂಜೆಯತನಕ ಬರೆದ. ಪಿಂಗಾಣಿ ಫಳಫಳ ಹೊಳೆಯಿತು. ಗ್ಲಾಸು ಮೂಲೆಯಲ್ಲಿ ಕೊಳೆನೀರಿನ ಕಲೆಯಂತೆ ಕೂತಿತು.

“ಗ್ಲಾಸು ಯಾಕ ಮಬ್ಬಾಗೇತಿ?”

“ಅದು ಇರೋದ ಹಂಗರೀ, ಅಜ್ಜಾರ.”

ಅಜ್ಜ ಗ್ಲಾಸಿಗೆ ಚಹಾ ಸುರಿದು ಇಳಿಬಿಸಿಲಿಗೆ ಎತ್ತಿ ಹಿಡಿದರು. ಮಣೆಯ ಮೇಲೆಲ್ಲ ಕೆಂಪು ಬೆಳಕು ಆಡಿತು.

“ದಿನಾ ಕೈಯಾಗ ಹಿಡೀತಿ. ಒಮ್ಮೆಯರ ನೋಡೀಯೇನು?”

‘ಇದೂ ಅಡಿವೆಪ್ಪ ಹಚ್ಚಿಕೊಟ್ಟದ್ದೇ’ ಎಂದು ಕಲ್ಮೇಶನಿಗೆ ಅನ್ನಿಸಿತು.

ಮರುದಿನ ಅಜ್ಜ ಅಡಿವೆಪ್ಪನಿಗೂ ಗ್ಲಾಸಿನಲ್ಲೇ ಚಹಾ ಕೊಟ್ಟರು. ‘ಇವನ ಬಣ್ಣ ಬಯಲಾಯಿತು’ ಎಂದು ಕಲ್ಮೇಶ ಒಳಗೊಳಗೇ ಹಿಗ್ಗಿದ.

ಅಡಿವೆಪ್ಪ ಗ್ಲಾಸನ್ನು ಕಣ್ಣಿಗೊತ್ತಿಕೊಂಡ. ಅವನ ಕೆನ್ನೆ ಒದ್ದೆಯಾಗಿತ್ತು. ಚಹಾ ಕುಡಿದವನೇ, ಬಂದವರು ಇಳಿಯುವ ಹೊರಗಿನ ಪಡಸಾಲೆಯಲ್ಲಿದ್ದ ತನ್ನ ಹಾಸಿಗೆ ಸುತ್ತಿ ತಂದು, ಕಲ್ಮೇಶನ ಹಾಸಿಗೆಯ ಪಕ್ಕದಲ್ಲಿ ಇಟ್ಟ.

‘ಇದರಲ್ಲೂ ಏನೋ ಐತಿ.’ ಕಲ್ಮೇಶನಿಗೆ ಇನ್ನು ತಡೆಯಲಾಗಲಿಲ್ಲ.

“ಅಜ್ಜಾರ, ಇಷ್ಟು ವರ್ಷ ನಿಮ್ಮ ಕೂಡ ಇದ್ದೀನಿ. ಒಂದು ದಿನಾನೂ ನನಗ ಆ ಕಪ್ಪು-ಬಸಿಯೊಳಗ ಚಹಾ ಕೊಡಲಿಲ್ಲ. ನಾ ಏನು ತಪ್ಪು ಮಾಡೀನಿ?”

ಅಜ್ಜ ಎದ್ದರು. ಕಪ್ಪು-ಬಸಿ ತೊಳೆದು ಒರೆಸಿದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕಲ್ಮೇಶನನ್ನು ಕೂರಿಸಿದರು. ಚಹಾ ತುಂಬಿ, ಎರಡೂ ಕೈಯಿಂದ ಮುಂದೆ ಹಿಡಿದು ತುಸು ಬಾಗಿದರು.

“ತಗೋರಿ, ಆರತೈತಿ. ಮತ್ತ ಈ ಕಡೆ ಬರೋದು ಯಾವಾಗರೀ?”