ಕೂತ ಊರಿನ ಊಟ

ಕರಾವಳಿಯಲ್ಲಿ ಒಬ್ಬ ಗುರುಗಳಿದ್ದರು. ಅವರಿಗೆ ಮಠವಿರಲಿಲ್ಲ, ಒಂದು ಹಾಯಿದೋಣಿ ಇತ್ತು. ಮಲಗುವುದು, ಏಳುವುದು, ಪಾಠ ಹೇಳುವುದು ಎಲ್ಲವೂ ಅದರಲ್ಲೇ. ಒಲೆ ಮಾತ್ರ ಅದರಲ್ಲಿರಲಿಲ್ಲ. ದೋಣಿ ಯಾವ ದಡ ಮುಟ್ಟುವುದೋ ಆ ದಡದವರು ಬಡಿಸಿದ್ದೇ ಊಟ. ಜನ ಅವರನ್ನು ದೋಣಿಸ್ವಾಮಿಗಳು ಎನ್ನುತ್ತಿದ್ದರು.

ಆ ವರ್ಷ ದಾಮೋದರನೆಂಬ ತರುಣ ಶಿಷ್ಯನಾಗಿ ದೋಣಿ ಹತ್ತಿದ. ಮಳೆಗಾಲ ಹಿಡಿದು ದೋಣಿಯನ್ನು ದಡಕ್ಕೆಳೆಯುವ ಮೊದಲು ಸಂನ್ಯಾಸ ದೀಕ್ಷೆ ಪಡೆದೇ ಮರಳುತ್ತೇನೆಂದು ಬಂಧುಗಳ ಮುಂದೆಲ್ಲ ಸಾರಿ ಬಂದಿದ್ದ. ತನಗೊಂದು ಸ್ವಾಮಿಯ ಹೆಸರನ್ನೂ ಆರಿಸಿಟ್ಟುಕೊಂಡಿದ್ದ. ಇನ್ನು ಹಾಗೆಯೇ ಹಿಂದಿರುಗಿದರೆ ಊರಿನಲ್ಲಿ ತಲೆ ಎತ್ತುವಂತಿರಲಿಲ್ಲ.

"ಗುರುಗಳೇ, ದೀಕ್ಷೆಗೆ ನಾನೇನು ಮಾಡಬೇಕು?"

"ಒಂದು ಊಟ ಮಾಡಬೇಕು."

"ಊಟವೇ?"

"ಕೂತ ಊರಿನ ಊಟವನ್ನು ಕೂತ ಊರಿನಲ್ಲೇ ಉಣ್ಣಬೇಕು. ಉಂಡ ದಿನವೇ ದೀಕ್ಷೆ."

ದಾಮೋದರ ನಗು ತಡೆದುಕೊಂಡ. ಇಷ್ಟು ಸಲೀಸೆಂದು ಗೊತ್ತಿದ್ದರೆ ಊರಿನಲ್ಲಿ ಅಷ್ಟೆಲ್ಲ ಉಪವಾಸ ಮಾಡಿ ಸೊರಗಬೇಕಿರಲಿಲ್ಲ.

ದೋಣಿ ತದಡಿಯಲ್ಲಿ ನಿಂತಿತು. ಮಾದೇವಿಯಮ್ಮ ಎಂಬ ಮುದುಕಿ ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬನ್ನು ಹಬೆಯಾಡುತ್ತಿರುವಾಗಲೇ ಬಡಿಸಿದರು.

"ಹೇಗಿದೆ ಮಗಾ?"

"ಚೆನ್ನಾಗಿದೆ ಅಮ್ಮ. ನಮ್ಮ ಮನೆಯಲ್ಲಿ ಇನ್ನೂ ಮೆತ್ತಗೆ ಮಾಡುತ್ತಾರೆ."

ಗುರುಗಳು ತಮ್ಮ ಐದನೆಯ ಕಡುಬಿನಿಂದ ತಲೆ ಎತ್ತಿದರು.

"ಇವತ್ತು ನೀನು ಉಂಡದ್ದು ನಿಮ್ಮ ಮನೆಯಲ್ಲಿ," ಎಂದು ಆರನೆಯದಕ್ಕೆ ಕೈ ಹಾಕಿದರು.

ಹೊನ್ನಾವರದಲ್ಲಿ ಸುಬ್ಬಕ್ಕ ನೀರುದೋಸೆ ಹೊಯ್ದರು. ಜೊತೆಗೆ ಬೆಲ್ಲ ಕಲಸಿದ ಕಾಯಿತುರಿ. ದಾಮೋದರ ಈ ಸಲ ಮನೆಯ ಸುದ್ದಿ ಎತ್ತಲಿಲ್ಲ.

"ದೋಸೆ ಅಡ್ಡಿಯಿಲ್ಲ ಅಕ್ಕ. ಆದರೆ ತದಡಿಯ ಕಡುಬು ಅಂದರೆ ಏನು ಹೇಳಲಿ! ಬಾಯಲ್ಲಿಟ್ಟರೆ ಕರಗುತ್ತಿತ್ತು."

ಸುಬ್ಬಕ್ಕ ಅವನಿಗೆಂದು ಎತ್ತಿದ ದೋಸೆಯನ್ನು ಗುರುಗಳ ಎಲೆಗೆ ಹಾಕಿದರು.

"ಹಾಗಾದರೆ ತದಡಿಗೇ ಹೋಗಿ ಉಣ್ಣು ತಮ್ಮಾ. ಗಾಳಿಯೂ ಆ ಕಡೆಗೇ ಇದೆ."

ಹಸಿದ ಹೊಟ್ಟೆಯಲ್ಲೇ ದಾಮೋದರ ದೋಣಿಗೆ ಮರಳಿದ.

"ಗುರುಗಳೇ, ನಿಜ ಹೇಳಿದ್ದು ತಪ್ಪೇ?"

"ತಪ್ಪೇನಿಲ್ಲ. ತದಡಿಯಲ್ಲಿ ಹೇಳಿದ್ದರೆ ಮಾದೇವಿಯಮ್ಮನಿಗೆ ಎಷ್ಟು ಸಂತೋಷವಾಗುತ್ತಿತ್ತು!"

ಅಷ್ಟರಲ್ಲಿ ಮಳೆಮೋಡ ಕವಿದು ಪಡುವಣ ಕಪ್ಪಿಟ್ಟಿತು. ಇನ್ನು ಉಳಿದದ್ದು ಗಂಗೊಳ್ಳಿ ಒಂದೇ. ದೋಣಿಯನ್ನು ದಡಕ್ಕೆಳೆಯುವುದೂ ಅಲ್ಲೇ. ಮನೆ, ತದಡಿ, ಹೊನ್ನಾವರ ಯಾವುದರ ಹೆಸರೂ ನಾಲಿಗೆಗೆ ಬರಕೂಡದೆಂದು ದಾಮೋದರ ನಿಶ್ಚಯಿಸಿದ. ದಾರಿಯುದ್ದಕ್ಕೂ ಹಾಯಿಕಂಬದ ಮುಂದೆ ಕೈಮುಗಿದು ನಿಂತು ಅಭ್ಯಾಸ ಮಾಡಿದ.

"ಬಹಳ ಚೆನ್ನಾಗಿದೆ ತಾಯಿ. ಇನ್ನೂ ಸ್ವಲ್ಪ ಬಡಿಸಿ."

"ಯಾರ ಜೊತೆ ಮಾತು?" ಎಂದರು ಗುರುಗಳು.

"ಗಂಗೊಳ್ಳಿಯವರ ಜೊತೆ."

"ಅವರಿನ್ನೂ ಅಕ್ಕಿಯನ್ನೇ ತೊಳೆದಿಲ್ಲವಲ್ಲೋ."

ಗಂಗೊಳ್ಳಿಯಲ್ಲಿ ರುಕ್ಮಾಬಾಯಿ ಮತ್ತು ಅವರ ಸೊಸೆ ಬೆಳಗಿನಿಂದ ಅಡಿಗೆಗೆ ನಿಂತಿದ್ದರು. ಅನ್ನ, ಸೌತೆಕಾಯಿ ಹುಳಿ, ಹರಿವೆ ಸೊಪ್ಪಿನ ಪಲ್ಯ. ಸ್ವಾಮಿಗಳಿಗೆ ಬಡಿಸುವ ಅಡಿಗೆಯನ್ನು ಮೊದಲೇ ರುಚಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ದಾಮೋದರ ಬೆನ್ನು ನೆಟ್ಟಗೆ ಮಾಡಿ ಕೂತ. ಕಣ್ಣ ಮುಂದೆ ಕಾವಿಬಟ್ಟೆ ಬಂತು. ಕಾಲಿಗೆ ಬೀಳುವ ಸೋದರಮಾವ ಬಂದರು. ಅವನು ಉಂಡ, ಹಾಕಿಸಿಕೊಂಡ, ಮತ್ತೆ ಉಂಡ.

"ಬಹಳ ಚೆನ್ನಾಗಿದೆ ತಾಯಿ! ಉಪ್ಪು, ಹುಳಿ, ಖಾರ ಎಲ್ಲವೂ ಹೇಳಿ ಮಾಡಿಸಿದ ಹಾಗಿದೆ. ಇನ್ನೂ ಸ್ವಲ್ಪ ಬಡಿಸಿ."

ರುಕ್ಮಾಬಾಯಿಯ ಮುಖ ಅರಳಿತು. ಆಗಲೇ ಅವರ ಕಣ್ಣು ಗುರುಗಳ ಎಲೆಯ ಮೇಲೆ ಬಿತ್ತು. ಒಂದು ತುತ್ತು ಬಾಯಿಗಿಟ್ಟ ಗುರುಗಳು ಕೈ ನಿಲ್ಲಿಸಿ ಕೂತಿದ್ದರು.

"ಸ್ವಾಮಿಗಳು ಯಾಕೆ ಸುಮ್ಮನೆ ಕೂತಿರಿ?"

"ಉಪ್ಪಿಗೆ ಕಾಯುತ್ತಿದ್ದೇನೆ, ತಾಯಿ."

ರುಕ್ಮಾಬಾಯಿ ಸೊಸೆಯ ಮುಖ ನೋಡಿದರು.

"ಹುಳಿಗೆ ನೀನು ಹಾಕಲಿಲ್ಲವೇನೇ?"

"ನೀವು ಹಾಕಿದ್ದೀರಿ ಅಂದುಕೊಂಡೆ, ಅತ್ತೆ."

"ಪಲ್ಯಕ್ಕೆ?"

"ಅದಕ್ಕೂ ನೀವೇ ಅಂದುಕೊಂಡೆ."

"ಅಯ್ಯೋ ದೇವರೇ! ಈ ಹುಡುಗ ಮೂರು ಸಲ ಹಾಕಿಸಿಕೊಂಡನಲ್ಲ!"

ದಾಮೋದರ ಬಾಯಲ್ಲಿದ್ದ ತುತ್ತನ್ನು ಮೆಲ್ಲಗೆ ಅಗಿದು ನೋಡಿದ. ಸಪ್ಪೆ ಎಂದರೆ ಸಪ್ಪೆ.

"ಗುರುಗಳೇ," ಎಂದ, ನುಂಗಿಕೊಂಡು. "ನಾನು ಬೇರೆ ಊರಿನ ಹೆಸರನ್ನೇ ಎತ್ತಲಿಲ್ಲ."

ಗುರುಗಳು ಸೊಸೆ ತಂದ ಉಪ್ಪನ್ನು ಕಲಸಿಕೊಂಡು ಸಾವಕಾಶವಾಗಿ ಒಂದು ತುತ್ತು ಉಂಡರು. ಅವರ ಕಣ್ಣು ತಾನಾಗಿ ಮುಚ್ಚಿತು.

ರುಕ್ಮಾಬಾಯಿ ಉಪ್ಪು ಬೆರೆಸಿದ ಹುಳಿಯ ಪಾತ್ರೆ ಹಿಡಿದು ದಾಮೋದರನ ಎಲೆಯ ಮುಂದೆ ಬಗ್ಗಿದರು.

"ಇವನಿಗೂ ಬಡಿಸಲೇ, ಸ್ವಾಮಿಗಳೇ?"

"ಅವನು ಇನ್ನೂ ಬಂದಿಲ್ಲ, ತಾಯಿ. ಬಂದ ಮೇಲೆ ಬಡಿಸುವಿರಂತೆ."